ಮಹಾಶಯರಿಗೆ ಮೊಬೈಲ್ ಬಂತೇ?

ಯಳಂದೂರು
27 ಜನವರಿ 2025

ಲೇ ಶಂಕರ,

‘ಗಡಿಸೀಮೆ ವಾರ್ತೆ’ಯ ಸಂಪಾದಕ, ಪ್ರಕಾಶಕ, ಜಾಹೀರಾತು ವಸೂಲಿಗಾರ ಹಾಗೂ ಕರಡು ತಿದ್ದುವುದನ್ನು ಮರೆತವನೂ ಆದ ನಿನಗೆ, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ತಪ್ಪಿಗೆ ಇಂದಿಗೂ ನಿನ್ನ ಪತ್ರಿಕೆ ಓದುತ್ತಿರುವ ಮೇಡಂ ಮಾಡುವ ಆಶೀರ್ವಾದಗಳು.

ನನ್ನ ‘ಊರುಗೋಲು’ ಅಂಕಣದ ಹೊಸ ಕಂತು ಜೊತೆಗಿದೆ. ಎಂದಿನಂತೆ ಕಂಡಕ್ಟರ್ ಪುಟ್ಟಬಸಪ್ಪನ ಕೈಗೆ ಕೊಟ್ಟಿದ್ದೇನೆ. ಕವರು ಈಸಿಕೊಳ್ಳುವಾಗ ಆತ, ‘ಮೇಡಂ, ಇದ್ರೊಳಗೆ ನನ್ ಇಸ್ಯ ಏನಾರ ಬರ್ದಿದ್ದೀರಾ? ಬರ್ದಿದ್ರೆ ಕವರ್‌ಗೂ ಟಿಕೆಟ್ ತಕಬೇಕಾಯ್ತದೆ’ ಎಂದ. ಬರೆದಿಲ್ಲ ಎಂದೆ. ಅವನಿಗೆ ಅದೂ ಬೇಸರವಾಯಿತು. ವಾಟ್ಸಾಪಿನಲ್ಲಿ ಕಳಿಸಿ ಎಂದು ನೀನು ಗೋಗರೆಯುತ್ತಲೇ ಇದ್ದೀಯ. ಆ ಗಾಜಿನ ಮೇಲೆ ನಾನು ಬೆರಳಿಟ್ಟರೆ ಅಕ್ಷರ ಮೂಡುವುದಿಲ್ಲ, ನನ್ನ ಮೂಗಿನ ಫೋಟೋ ಬರುತ್ತದೆ. ಅದನ್ನು ನೀನು ಅಚ್ಚು ಹಾಕಿದರೂ ಹಾಕೀಯೆ. ಕಾಗದವೇ ವಾಸಿ.

ಕಳೆದ ಸಂಚಿಕೆ ಓದಿ ಧನ್ಯಳಾದೆ. ನಿನ್ನ ಪತ್ರಿಕೆಯಲ್ಲಿ ಮಳೆ ಬಂದರೆ ‘ಇಳೆಗೆ ತಂಪೆರೆಯುತ್ತದೆ’. ಮಂತ್ರಿ ಬಂದರೆ ‘ಭರವಸೆ ನೀಡುತ್ತಾರೆ’. ಯಾರಾದರೂ ಪ್ರಾಣ ಬಿಟ್ಟುಕೊಂಡರೆ ತಪ್ಪದೆ ‘ಜೀವನದಲ್ಲಿ ಜಿಗುಪ್ಸೆಗೊಂಡು’. ನಿನ್ನ ಹನೂರಿನ ವರದಿಗಾರ ಗುರುಮಲ್ಲಪ್ಪನಿಗೆ ಜೆರಾಕ್ಸ್ ಅಂಗಡಿ ಇದೆಯೆಂದು ಕೇಳಿದ್ದೆ. ವಾಕ್ಯಗಳನ್ನೂ ಅಲ್ಲೇ ತೆಗೆಯುತ್ತಾನೆಂದು ಗೊತ್ತಿರಲಿಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ ಪೇಪರ್ ಓದುವ ಕೆಲಸವನ್ನು ನಿನಗೆ ವಹಿಸಿದ್ದು ನಾನೇ. ‘ಇಂದಿನ ಪ್ರಮುಖ ವಾರ್ತೆಗಳು’ ಎಂದು ಕಂಬದ ಹಾಗೆ ನಿಂತು ಕೂಗುತ್ತಿದ್ದೆ. ಅಂದಿನಿಂದ ಇಂದಿನವರೆಗೂ ನೀನು ಆ ದನಿ ಇಳಿಸಿಲ್ಲ.

ಈ ಸಲದ ವಿಷಯ ನನ್ನ ಮೊಮ್ಮಗ ಮಹಾಶಯರ ಮೊಬೈಲ್ ಮಹಾಮನವಿ. ಸಂಕ್ರಾಂತಿಗೆ ಬಂದಿದ್ದ ಮಹಾಶಯರು ಇಡ್ಲಿ ಪಾತ್ರೆಯ ಪಕ್ಕ ಧರಣಿ ಕೂತದ್ದು, ‘ಮೊಬೈಲ್ ಮಂಜೂರಾಗುವವರೆಗೆ ಅನ್ನ ಮುಟ್ಟುವುದಿಲ್ಲ’ ಎಂದು ಘೋಷಿಸಿದ್ದು, ಅವರ ಆಮರಣಾಂತ ಉಪವಾಸ ಇಡ್ಲಿ ಬೇಯುವವರೆಗೆ ಯಶಸ್ವಿಯಾಗಿ ನಡೆದದ್ದು, ಎಲ್ಲ ಸವಿಸ್ತಾರವಾಗಿದೆ. ನಿನ್ನೊಬ್ಬನಿಗೆ ನಿಜ ಹೇಳುತ್ತೇನೆ. ಅವನು ಕೇಳಿದ್ದು ಒಂದೇ ಸಲ, ಅದೂ ಬಾಯಿ ತುಂಬ ಇಡ್ಲಿ ಇಟ್ಟುಕೊಂಡು. ಅವರಮ್ಮ ‘ಪರೀಕ್ಷೆ ಮುಗೀಲಿ’ ಎಂದಳು. ‘ಹ್ಞೂಂ’ ಎಂದ. ಚಟ್ನಿ ಕೇಳಿದ. ಇಷ್ಟನ್ನೇ ಬರೆದರೆ ನಿನ್ನ ನಾಲ್ಕನೇ ಪುಟ ತುಂಬುತ್ತದೆಯೇ? ಉಳಿದ ಉಪ್ಪು ಖಾರ ನನ್ನದು.

ಇಂತಿ, ನಿನ್ನ ಕಿವಿ ಹಿಂಡಿದ್ದಕ್ಕೆ ಪಶ್ಚಾತ್ತಾಪವಿಲ್ಲದ
ಯಶೋದ


ಕೊಳ್ಳೇಗಾಲ
5 ಫೆಬ್ರವರಿ 2025

ಪೂಜ್ಯ ಯಶೋದ ಮೇಡಂ ಅವರಿಗೆ ಶಂಕರನ ನಮಸ್ಕಾರ.

ಮಹಾಮನವಿ ಭಾನುವಾರ ಅಚ್ಚಾಯಿತು. ನಮ್ಮ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಒಬ್ಬರು ಓದಿ ಹೇಳಿದರು, ಉಳಿದವರು ನಕ್ಕರು, ದೋಸೆ ಸೀದು ಹೋಯಿತು. ಹೋಟೆಲಿನವರು ನನ್ನನ್ನು ಬೈದರು. ನಾನು ನಿಮ್ಮ ವಿಳಾಸ ಕೊಡಲಿಲ್ಲ. ಇದು ನನ್ನ ಗುರುಭಕ್ತಿ.

ಕಾಮಗೆರೆಯಿಂದ ಪುಟ್ಟಮಾದಯ್ಯ ಎಂಬ ಹಿರಿಯರು ಒಂದು ಕಾರ್ಡು ಹಾಕಿದ್ದಾರೆ. ಇದರೊಳಗಿಟ್ಟಿದ್ದೇನೆ. ‘ಮಹಾಶಯರಿಗೆ ಮೊಬೈಲ್ ಬಂತೇ? ಬರುವವರೆಗೂ ಬೆಂಬಲವಾಗಿ ನಾನು ಬೆಳಗಿನ ಕಾಫಿ ಬಿಟ್ಟಿದ್ದೇನೆ. ದಯಮಾಡಿ ಬೇಗ ಕೊಡಿಸಿ, ತಲೆ ಸಿಡಿಯುತ್ತಿದೆ.’ ಇಂಥ ಓದುಗರು ನನ್ನ ಮೊದಲ ಪುಟಕ್ಕೆ ಯಾಕೆ ಇಲ್ಲವೋ ಮೇಡಂ.

ಬಹಳ ದಿನದಿಂದ ಕೇಳಬೇಕು ಎಂದುಕೊಂಡಿದ್ದೆ. ಈ ಮಹಾಶಯರು ನಿಜವಾಗಿಯೂ ಇದ್ದಾರೆಯೇ, ಅಥವಾ ನೀವೇ ಹುಟ್ಟಿಸಿದ್ದೇ? ಇದ್ದರೆ ಒಮ್ಮೆ ಕರೆದುಕೊಂಡು ಬನ್ನಿ. ದೋಸೆ ಕೊಡಿಸುತ್ತೇನೆ, ಸೀದಿರದ್ದು.

ಮುಂದಿನ ಅಂಕಣವೂ ಬಂದು ಸೇರಿತು. ಮಹಾಶಯರು ಕೊಬ್ಬರಿ ಮಿಠಾಯಿ ಕದ್ದು ಸಿಕ್ಕಿಬಿದ್ದದ್ದು ಬಹಳ ಚೆನ್ನಾಗಿದೆ. ಹದಿನಾರನೇ ತಾರೀಖಿನ ಭಾನುವಾರಕ್ಕೆ ಇಟ್ಟಿದ್ದೇನೆ.

ನಿಮ್ಮ ಕಂಬ,
ಶಂಕರ


ಕೊಳ್ಳೇಗಾಲ
24 ಫೆಬ್ರವರಿ 2025

ಮೇಡಂ,

ಹೇಗೆ ಶುರು ಮಾಡಬೇಕು ಗೊತ್ತಾಗುತ್ತಿಲ್ಲ. ಹನೂರಿನ ಲಕ್ಷ್ಮಿದೇವಿಯವರು ನಿಮ್ಮ ಮಗಳೆಂದು ನನಗೆ ತಿಳಿದಿರಲಿಲ್ಲ. ಮಾದು ನಿಮ್ಮ ಮೊಮ್ಮಗನೆಂದು ತಿಳಿದಿರಲಿಲ್ಲ. ಸುದ್ದಿ ಅಚ್ಚಾಗಿ ಎರಡು ದಿನ ಆದಮೇಲೆ ಪುಟ್ಟಬಸಪ್ಪ ಬಂದು ಹೇಳಿದ. ಅವನ ಕೈಯಲ್ಲಿ ಕವರು ಇರಲಿಲ್ಲ. ನಾನು ಕೈ ಚಾಚಿದ್ದೆ.

ಯಳಂದೂರಿಗೆ ಬಂದಿದ್ದೆ. ನಿಮ್ಮ ಬೀದಿಯ ತುದಿಯವರೆಗೂ ಬಂದೆ. ಬಾಗಿಲಲ್ಲಿ ಚಪ್ಪಲಿಗಳು ತುಂಬ ಇದ್ದವು. ವಾಪಸು ಹೋದೆ.

ನಿಮ್ಮ ಶಿಷ್ಯ,
ಶಂಕರ


ಯಳಂದೂರು
17 ಮಾರ್ಚ್ 2025
ರಿಜಿಸ್ಟರ್ಡ್ ಅಂಚೆ

‘ಗಡಿಸೀಮೆ ವಾರ್ತೆ’ಯ ಮಾನ್ಯ ಸಂಪಾದಕರಿಗೆ,

ತಮ್ಮ ಪತ್ರಿಕೆಯ ಬಹುಕಾಲದ ಓದುಗಾರ್ತಿ ಬರೆದುಕೊಳ್ಳುವುದೇನೆಂದರೆ, ಫೆಬ್ರವರಿ ಹದಿನಾರರ ಸಂಚಿಕೆ ಬಹಳ ಸೊಗಸಾಗಿ ಬಂದಿತ್ತು. ಒಂದೇ ಹುಡುಗನಿಗೆ ಎರಡು ಪುಟ ಕೊಟ್ಟಿದ್ದೀರಿ. ಇಷ್ಟು ಗೌರವ ಯಾವ ಮಂತ್ರಿಗೂ ಸಿಕ್ಕಿಲ್ಲ. ಮೊದಲ ಪುಟದಲ್ಲಿ ಅವನು ಸತ್ತಿದ್ದ. ನಾಲ್ಕನೇ ಪುಟದಲ್ಲಿ ಕೊಬ್ಬರಿ ಮಿಠಾಯಿ ಕದಿಯುತ್ತಿದ್ದ.

ಮಗಳು ಅಳಿಯನನ್ನು ತಿಥಿಯವರೆಗೆ ಇಲ್ಲಿಗೇ ಕರೆತಂದಿದ್ದೆ, ನಮ್ಮ ಮನೆ ತುಂಬ ಜನ ಇದ್ದರು. ಆ ಪೇಪರ್ ಕೈಯಿಂದ ಕೈಗೆ ಹೋಗುತ್ತಿತ್ತು. ಮೊದಲ ಪುಟ ಓದಿ ಲೊಚಗುಟ್ಟಿದವರೊಬ್ಬರು ಹಾಳೆ ತಿರುವಿ, ಅರಿಯದೆ, ಕಿಸಕ್ಕನೆ ನಕ್ಕರು. ಅವರನ್ನು ನಾನು ಬೈಯಲಿಲ್ಲ. ನಗಲಿ ಎಂದೇ ಬರೆದದ್ದಲ್ಲವೇ.

ತಲೆಬರಹವೂ ನೆನಪಿದೆ: ‘ಮೊಬೈಲ್ ಕೊಡಿಸದ ತಾಯಿ: ಮನನೊಂದ ವಿದ್ಯಾರ್ಥಿ ಆತ್ಮಹತ್ಯೆ’. ಎಲ್ಲಿ, ಯಾವಾಗ, ಯಾವುದರಿಂದ, ಬಾಗಿಲು ಯಾರು ಒಡೆದರು, ಅದೆಲ್ಲ ಪಾಠ ಹೇಳಿಕೊಟ್ಟ ಹಾಗೆ ಬಿಡಿಸಿ ಬರೆದಿದ್ದೀರಿ. ಅದನ್ನು ನಾನು ಇಲ್ಲಿ ಮತ್ತೆ ಬರೆಯುವುದಿಲ್ಲ. ಫೋಟೋ ಚೆನ್ನಾಗಿ ಬಂದಿದೆ. ಹಾಲ್ ಟಿಕೆಟ್ಟಿಗೆಂದು ತೆಗೆಸಿದ್ದು. ಆಸ್ಪತ್ರೆಗೆ ಬೇಕಂತೆ ಎಂದು ಹೇಳಿ ನಿಮ್ಮ ಗುರುಮಲ್ಲಪ್ಪ ಅದನ್ನು ಲಚ್ಚಿಯ ಕೈಯಿಂದಲೇ ಈಸಿಕೊಂಡನಂತೆ. ಲಚ್ಚಿ ಎಂದರೆ ಲಕ್ಷ್ಮಿದೇವಿ. ತಮ್ಮ ತಲೆಬರಹದಲ್ಲಿ ‘ತಾಯಿ’ ಎಂದು ಬಂದಿರುವಾಕೆ.

ಈಗ ಲಚ್ಚಿಯ ವಿಷಯ. ಸುದ್ದಿ ಬರುವ ಮುಂಚೆ ಅವಳೂ ನಮ್ಮೆಲ್ಲರ ಹಾಗೆ ‘ಯಾಕೆ ಇಂಗ್ ಮಾಡ್ಕಂಡ’ ಎಂದು ಗೋಡೆಗೆ ತಲೆ ಕೊಟ್ಟು ಕೂತಿದ್ದಳು. ಪೇಪರ್ ಓದಿದ ಮೇಲೆ ಕೇಳುವುದನ್ನು ನಿಲ್ಲಿಸಿದಳು. ಅವಳಿಗೆ ಉತ್ತರ ಸಿಕ್ಕಿತು. ‘ನಾನೇ ಕಣವ್ವ. ಪರೀಕ್ಸೆ ಮುಗೀಲಿ ಅಂದ್ನಲ್ಲ, ನಾನೇ’ ಎಂದಳು. ಅಲ್ಲ ಕಣೇ ಎಂದರೆ, ‘ಪೇಪರ್‌ನಲ್ಲೇ ಬಂದದಲ್ಲವ್ವ, ಇನ್ನೇನು’ ಎನ್ನುತ್ತಾಳೆ.

ತಿಥಿ ಮುಗಿದ ಮಾರನೆಯ ದಿನ ಹನೂರಿಗೆ ಮರಳಿ, ಅಂಗಡಿಗೆ ಹೋಗಿ ಒಂದು ಮೊಬೈಲ್ ತಂದಳು. ಅವನ ಫೋಟೋದ ಮುಂದೆ ಇಟ್ಟಿದ್ದಾಳೆ. ದಿನಾ ಸಂಜೆ ದೀಪ ಹಚ್ಚಿ, ಅದನ್ನು ಚಾರ್ಜಿಗೆ ಹಾಕುತ್ತಾಳೆ. ನಾನು ಅಲ್ಲಿದ್ದಾಗ ಒಂದು ದಿನ ಅದು ಹೊಡೆದುಕೊಂಡಿತು. ಎಲ್ಲರೂ ಬೆಚ್ಚಿದೆವು. ಯಾವುದೋ ಬ್ಯಾಂಕಿನ ಹುಡುಗಿ, ಸಾಲ ಬೇಕೇ ಎಂದು ಕೇಳುತ್ತಿದ್ದಳು. ಲಚ್ಚಿ ಅವಳಿಗೆ, ‘ಅವ್ನಿಲ್ಲ ಕಣವ್ವ, ಆಮೇಕೆ ಮಾಡು’ ಎಂದಳು.

ಮಾನ್ಯರಲ್ಲಿ ನನ್ನ ಪ್ರಶ್ನೆ ಒಂದೇ. ಮೊಬೈಲಿಗಾಗಿ ಸತ್ತನೆಂದು ತಮಗೆ ಹೇಳಿದವರು ಯಾರು? ಮಾದು ಏನೂ ಹೇಳಿ ಹೋಗಿಲ್ಲ. ಅವನ ಅಪ್ಪ ಮೂರ್ತಿಗೆ ಆವತ್ತಿನಿಂದ ಬಾಯೇ ಬಿದ್ದುಹೋಗಿದೆ. ಪೊಲೀಸರೂ ಕಾರಣ ತಿಳಿಯದು ಎಂದೇ ಬರೆದುಕೊಂಡರು. ಮತ್ತೆ ಯಾರು? ಹೆಸರು ಹೇಳಿ. ಆ ಮನುಷ್ಯನನ್ನು ಕೈಹಿಡಿದು ಹನೂರಿಗೆ ಕರೆದುಕೊಂಡು ಹೋಗಿ, ಲಚ್ಚಿಯ ಎದುರು ನಿಲ್ಲಿಸಿ, ‘ನಾನು ಸುಳ್ಳು ಹೇಳಿದೆ’ ಎಂದು ಅನ್ನಿಸಬೇಕು. ಅಷ್ಟಾದರೆ ಸಾಕು. ಆ ಮೊಬೈಲು ಅಲ್ಲಿಂದ ಏಳುತ್ತದೆ.

ತಮ್ಮ ವಿಧೇಯ,
ಯಶೋದ


ಕೊಳ್ಳೇಗಾಲ
25 ಮಾರ್ಚ್ 2025

ಪೂಜ್ಯ ಮೇಡಂ,

ನನ್ನನ್ನು ‘ಮಾನ್ಯರು’ ಎಂದಿರಿ. ತಪ್ಪು ಮಾಡಿದಾಗ ನೀವು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದಿರಿ. ಅದು ಎಷ್ಟೋ ಮೇಲಿತ್ತು.

ತಪ್ಪೊಪ್ಪಿಗೆ ಹಾಕುತ್ತೇನೆ. ಮೊದಲ ಪುಟದಲ್ಲೇ, ಸುದ್ದಿ ಬಂದ ಜಾಗದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ. ಮಾದುವಿನ ಫೋಟೋ ಹಾಕಿ, ಮೊಬೈಲ್ ಕಾರಣವಲ್ಲ ಎಂದು ಬರೆದು, ನನ್ನ ಹೆಸರಿನಲ್ಲಿ ಕ್ಷಮೆ ಕೇಳುತ್ತೇನೆ. ನೀವು ಹ್ಞೂಂ ಎಂದರೆ ಈ ಭಾನುವಾರವೇ.

ಹೇಳಿದವರು ಯಾರೆಂದು ಮಾತ್ರ ಕೇಳಬೇಡಿ. ಸುದ್ದಿಯ ಮೂಲ ಬಿಟ್ಟುಕೊಡಬಾರದು ಎಂಬುದು ನಮ್ಮ ಕಸುಬಿನ ನಿಯಮ.

ಶಂಕರ


ಯಳಂದೂರು
3 ಏಪ್ರಿಲ್ 2025

ಸಂಪಾದಕರೇ,

ತಮ್ಮ ಕಸುಬಿಗೆ ನಿಯಮಗಳಿವೆ ಎಂದು ತಿಳಿದು ರೋಮಾಂಚನವಾಯಿತು. ಹೆತ್ತವಳ ಕೈಯಿಂದ ಸುಳ್ಳು ಹೇಳಿ ಫೋಟೋ ಈಸಿಕೊಳ್ಳಬಹುದು. ಹೋದ ಹುಡುಗನ ಕೊನೆಯ ಗಳಿಗೆಯನ್ನು ಅಡುಗೆ ಮಾಡುವ ವಿಧಾನದ ಹಾಗೆ ಬರೆಯಬಹುದು. ಕಟ್ಟುಕಥೆ ಹೇಳಿದವನ ಹೆಸರನ್ನು ಮಾತ್ರ ಬಾಯಿ ಬಿಡಬಾರದು. ನಿಯಮವೆಂದರೆ ಹೀಗಿರಬೇಕು.

ತಪ್ಪೊಪ್ಪಿಗೆ ಬೇಡ. ಕೋಪಕ್ಕೆ ಹೇಳುತ್ತಿಲ್ಲ. ಮಾದುವಿನ ಜೊತೆಯಲ್ಲಿ ಓದುತ್ತಿದ್ದ ಹುಡುಗನೊಬ್ಬ ತಮ್ಮ ಸುದ್ದಿಯನ್ನು ಕತ್ತರಿಸಿ ಪುಸ್ತಕದೊಳಗೆ ಇಟ್ಟುಕೊಂಡಿದ್ದಾನೆ. ಯಾಕೋ ಎಂದು ಅವರಮ್ಮ ಕೇಳಿದ್ದಕ್ಕೆ, ‘ಮಾದು ಇದ್ದಾಗ ಅವನ್ನ ಯಾರೂ ಕೇರ್ ಮಾಡ್ತಿರ್ಲಿಲ್ಲ. ಈಗ್ ನೋಡು, ಎಲ್ರೂ ಅವ್ನ್ ಮಾತೇ ಆಡ್ತಾವ್ರೆ’ ಎಂದನಂತೆ. ಆ ತಾಯಿ ಅಂದಿನಿಂದ ಕೂಲಿಗೆ ಹೋಗಿಲ್ಲ. ಮಗ ಎದ್ದರೆ ಏಳುತ್ತಾಳೆ, ಕೂತರೆ ಕೂರುತ್ತಾಳೆ. ಈಗ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದಾಳೆ, ಅವನೂ ಹೋಗುತ್ತಿದ್ದಾನೆ, ಅಷ್ಟು ಪುಣ್ಯ. ತಾವು ಅದೇ ಫೋಟೋವನ್ನು ಅದೇ ಜಾಗದಲ್ಲಿ ಮತ್ತೊಮ್ಮೆ ಹಾಕಿದರೆ ಅವನ ಪುಸ್ತಕದಲ್ಲಿ ಎರಡು ಚೂರು ಆಗುತ್ತವೆ.

ಯಾವುದೋ ಮನೆಯಲ್ಲಿ ಯಾವುದೋ ಹುಡುಗ ಓದುತ್ತಿರುತ್ತಾನೆ. ತಾವು ಪುಟ ಕಟ್ಟುವಾಗ ಅವನನ್ನು ಎದುರಿಗೆ ಕೂರಿಸಿಕೊಂಡಿದ್ದೀರಾ, ಯಾವತ್ತಾದರೂ?

ತಮ್ಮ ಕಚೇರಿಯಿಂದ ಓದುಗರ ಕಾಗದಗಳ ಕಟ್ಟು ಎಂದಿನಂತೆ ಬಂತು. ಯಾರೋ ಹುಡುಗರು ತಿಳಿಯದೆ ಕಳಿಸಿರಬೇಕು. ಅದರಲ್ಲಿ ಕಾಮಗೆರೆಯ ಪುಟ್ಟಮಾದಯ್ಯನವರ ಇನ್ನೊಂದು ಕಾರ್ಡಿದೆ. ‘ಊರುಗೋಲು ಯಾಕೆ ಬರುತ್ತಿಲ್ಲ? ಮಹಾಶಯರಿಗೆ ಮೊಬೈಲ್ ಬಂತೇ? ನಾನಿನ್ನೂ ಕಾಫಿ ಮುಟ್ಟಿಲ್ಲ. ಮಾತು ಅಂದರೆ ಮಾತು.’

ಅವರು ಮೊದಲ ಪುಟವನ್ನೂ ಓದಿರುತ್ತಾರೆ. ಲೊಚಗುಟ್ಟಿರುತ್ತಾರೆ. ಇಬ್ಬರೂ ಒಬ್ಬನೇ ಎಂದು ಅವರಿಗೆ ಗೊತ್ತಿಲ್ಲ.

ನನ್ನ ಪ್ರಶ್ನೆ ಹಾಗೇ ಇದೆ. ಯಾರು ಹೇಳಿದರು?

ಯಶೋದ


ಕೊಳ್ಳೇಗಾಲ
21 ಏಪ್ರಿಲ್ 2025

ಮೇಡಂ,

ನಿಯಮ ಎಂದದ್ದು ಸುಳ್ಳು. ನಿಮ್ಮ ಮಾರ್ಚಿನ ಕಾಗದ ಬಂದ ದಿನವೇ ನಾನು ಹನೂರಿಗೆ ಹೋಗಿ ಗುರುಮಲ್ಲಪ್ಪನನ್ನು ಕೇಳಿದ್ದೆ. ಉತ್ತರ ಅವತ್ತೇ ಗೊತ್ತಾಯಿತು. ನಿಮಗೆ ಹೇಳುವ ಧೈರ್ಯ ಇಂದಿಗೂ ಬಂದಿಲ್ಲ. ಹೇಳದಿದ್ದರೆ ನೀವು ಜೀವನವಿಡೀ ಯಾರನ್ನೋ ಹುಡುಕುತ್ತೀರಿ. ಅದಕ್ಕೆ ಬರೆಯುತ್ತಿದ್ದೇನೆ. ಕೂತು ಓದಿ. ನೀರು ಇಟ್ಟುಕೊಳ್ಳಿ.

ಅವನು ಜೆರಾಕ್ಸ್ ಮಿಷನ್ ಆಫ್ ಮಾಡಿ, ಅಂಗಡಿಯ ಹಲಗೆ ಬಾಗಿಲು ಅರ್ಧ ಎಳೆದು ಹೇಳಿದ್ದು ಇಷ್ಟು.

‘ಸಾ, ನಾನ್ ಸುಳ್ಳು ಬರೀಲಿಲ್ಲ ಸಾ. ಆಸ್ಪತ್ರೆ ತಾವ ಯಾರೂ ಬಾಯ್ ಬುಡ್ತಿರ್ಲಿಲ್ಲ. ಕಾರಣ ಇಲ್ದೆ ಸುದ್ದಿ ಕಳ್ಸುದ್ರೆ ನೀವು ಫೋನ್ ಮಾಡಿ, ಯಾಕಂತೆ ಯಾಕಂತೆ ಅಂತ ಜೀವ ತಿಂತೀರ.’

‘ಅದಕ್ಕೆ?’

‘ಯಶೋದ ಮೇಡಂನೋರ ಮೊಮ್ಮಗ ಅಂತ ನಂಗೊತ್ತಿತ್ತು. ಎಲ್ಡು ವಾರದ ಇಂದೆ ಅವ್ರೇ ಬರ್ದಿರ್ಲಿಲ್ವಾ ಸಾ? ಮೊಬೈಲ್ ಕೊಡ್ಸಗಂಟ ಅನ್ನ ಮುಟ್ಟಕಿಲ್ಲ ಅಂದ, ಆಮರಣಾಂತ ಅಂತ? ಸ್ವಂತ ಅಜ್ಜಿನೇ ಬರ್ದವ್ರೆ. ಅದ್ಕಿಂತ ಸಾಕ್ಸಿ ಬೇಕಾ?’

‘ಅದು ತಮಾಷೆ ಕಣೋ!’

‘ನಿಮ್ ಪೇಪರ್‌ನಲ್ಲೇ ಬಂದಿತ್ತಲ್ಲ ಸಾ.’

ಅವರ ಮೊಮ್ಮಗ ಎಂದು ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ‘ಏಳಿದ್ರೆ ನೀವು ತಡೀತಿದ್ರಿ’ ಎಂದ.

ಮೇಡಂ, ಅವನು ಹೇಳಿದ್ದು ನಿಜ. ಗೊತ್ತಾಗಿದ್ದರೆ ತಡೆಯುತ್ತಿದ್ದೆ. ನಮ್ಮ ಮೇಡಂ ಮನೆಯ ಹುಡುಗ, ಫೋಟೋ ಬೇಡ, ಹೆಸರು ಬೇಡ, ಒಳಗೆ ಸಣ್ಣದಾಗಿ ಹಾಕು ಎನ್ನುತ್ತಿದ್ದೆ. ಹಾಗಾದರೆ ಇಷ್ಟು ವರ್ಷ ಮೊದಲ ಪುಟಕ್ಕೆ ಹಾಕಿದ ಹುಡುಗರೆಲ್ಲ ಯಾರ ಮನೆಯವರು? ಅವರಿಗೂ ಅಜ್ಜಿಯರಿದ್ದರಲ್ಲ. ಅವರಿಗೆ ಕಾಗದ ಬರೆಯಲು ಬರುತ್ತಿರಲಿಲ್ಲ, ಅಷ್ಟೇ.

ನೀವು ಜನವರಿಯಲ್ಲಿ ಬರೆದ ಕಾಗದ ನನ್ನ ಮೇಜಿನ ಖಾನೆಯಲ್ಲೇ ಇತ್ತು. ಒಂದೇ ಸಲ ಕೇಳಿದ, ಚಟ್ನಿ ಕೇಳಿದ ಎಂದು ನೀವು ಹೇಳಿದ್ದು ನನ್ನೊಬ್ಬನಿಗೆ. ನಾನು ಗುರುಮಲ್ಲಪ್ಪನ ಸುದ್ದಿ ಓದಿ, ಮೊಬೈಲ್ ಎಂಬ ಪದ ನೋಡಿ, ತಲೆಬರಹ ಚೆನ್ನಾಗಿ ಕೂರುತ್ತದೆ ಎಂದುಕೊಂಡೆ. ಅಷ್ಟೇ ಯೋಚನೆ ಬಂದದ್ದು.

ಸುಳ್ಳು ಹೇಳಿದವನನ್ನು ಕೈಹಿಡಿದು ಕರೆದುಕೊಂಡು ಹೋಗುತ್ತೇನೆ ಎಂದಿರಿ. ಅದು ನಾನು ಎಂದು ಹೇಳಿ. ನಾನೇ ಬಂದು ಲಕ್ಷ್ಮಿದೇವಿಯವರ ಎದುರು ನಿಲ್ಲುತ್ತೇನೆ. ನಿಮ್ಮ ಅಂಕಣದ ಮಾತು ಅಲ್ಲಿ ಬರುವುದೇ ಬೇಡ.

ಶಂಕರ


ಕೊಳ್ಳೇಗಾಲ
19 ಮೇ 2025

ಪೂಜ್ಯ ಮೇಡಂ,

ನಿಮ್ಮಿಂದ ಉತ್ತರ ಬಂದಿಲ್ಲ. ಪುಟ್ಟಬಸಪ್ಪ ದಿನಾ ಆಫೀಸಿನ ಮುಂದೆ ಬಸ್ ನಿಧಾನ ಮಾಡಿಸಿ, ಕೈ ಆಡಿಸಿ ಇಲ್ಲ ಎಂದು ಹೇಳಿ ಹೋಗುತ್ತಾನೆ.

ಹೋದ ವಾರ ಮತ್ತೊಂದು ಸುದ್ದಿ ಬಂತು. ಒಂದು ಹಳ್ಳಿಯ ಹುಡುಗಿ. ಊರಿನ ಹೆಸರು ನಿಮಗೂ ಬರೆಯುವುದಿಲ್ಲ. ಫೋಟೋ ಬಂದಿತ್ತು, ಕಾರಣವೂ ಬಂದಿತ್ತು, ಎಲ್ಲ ಸಿದ್ಧವಾಗಿತ್ತು. ಎದುರಿನ ಕುರ್ಚಿಯಲ್ಲಿ ಯಾವುದೋ ಹುಡುಗ ಓದುತ್ತಾ ಕೂತಿದ್ದಾನೆ ಎಂದುಕೊಂಡು ಓದಿದೆ. ಒಂದೊಂದೇ ವಾಕ್ಯ ಹೊಡೆದುಹಾಕುತ್ತಾ ಬಂದೆ. ಉಳಿದದ್ದು ನಾಲ್ಕು ಸಾಲು. ಮೂರನೇ ಪುಟದ ಕೆಳಗೆ ಹಾಕಿದೆ. ಹೆಸರಿಲ್ಲ, ಫೋಟೋ ಇಲ್ಲ, ಹೇಗೆ ಎಂಬುದಿಲ್ಲ, ಜಿಗುಪ್ಸೆ ಇಲ್ಲ. ಕಾರಣ ಒಂದೇ ಇರುವುದಿಲ್ಲ, ಮನಸ್ಸು ಭಾರವಾದವರು ಯಾರ ಹತ್ತಿರವಾದರೂ ಹೇಳಿಕೊಂಡರೆ ದಾರಿ ಇದೆ ಎಂದು ಬರೆದು ಸಹಾಯವಾಣಿಯ ನಂಬರು ಕೊಟ್ಟೆ. ಅದಕ್ಕೆ ಜಾಗ ಸಾಲದೆ ಮಂಡಿನೋವಿನ ಎಣ್ಣೆಯ ಜಾಹೀರಾತು ಕಿತ್ತೆ. ಎಣ್ಣೆಯವರು ಜಗಳಕ್ಕೆ ಬಂದರು.

ಹೋಟೆಲಿನಲ್ಲಿ ಎಲ್ಲರ ಮುಂದೆ ಒಬ್ಬರು, ‘ಏನ್ ಸಂಪಾದಕ್ರೇ, ಬೇರೆ ಪೇಪರ್‌ನೋರ್ಗೆಲ್ಲ ಪೂರ್ತಿ ಸುದ್ದಿ ಸಿಕ್ಕದೆ, ನೀವ್ ನಿದ್ದೆ ಮಾಡ್ತಿದ್ರಾ?’ ಎಂದರು. ಹೌದು ಎಂದೆ.

ಮೂರು ದಿನ ಕಳೆದು ಆ ಹುಡುಗಿಯ ಅಪ್ಪ ನಮ್ಮ ಆಫೀಸಿಗೆ ಬಂದ. ಏನೋ ಕೇಳಲು ಬಂದವನಂತೆ ಬಾಗಿಲಲ್ಲಿ ನಿಂತ. ಕೇಳಲಿಲ್ಲ. ನೀರು ಬೇಕೆಂದ. ಕೊಟ್ಟೆ. ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು ಹೋದ.

ನಾನು ಮಾಡಿದ್ದು ಸರಿಯೇ ಮೇಡಂ? ಬೆಂಚಿನ ಮೇಲಿಂದ ಇಳಿಯಲೇ ಎಂದು ಕೇಳುತ್ತಿಲ್ಲ. ಸರಿಯೇ ಎಂದಷ್ಟೇ.

ಶಂಕರ


ಯಳಂದೂರು
9 ಜೂನ್ 2025

ಲೇ ಶಂಕರ,

ಇದನ್ನು ಪುಟ್ಟಬಸಪ್ಪನ ಕೈಯಲ್ಲೇ ಕಳಿಸುತ್ತಿದ್ದೇನೆ. ಕವರು ನೋಡಿ ಅವನು ಟಿಕೆಟ್ಟಿನ ಮಾತೆತ್ತಲಿಲ್ಲ. ಒಳಜೇಬಿನಲ್ಲಿ ಇಟ್ಟುಕೊಂಡ.

ನಿನ್ನ ಏಪ್ರಿಲಿನ ಕಾಗದ ಓದಿದ ಮೇಲೆ ನಾನು ಬಹಳ ದಿನ ಏನನ್ನೂ ಓದಲಿಲ್ಲ. ಹಾಲಿನವನ ಚೀಟಿ ಸಹ. ಅಕ್ಷರ ಕಂಡರೆ ಭಯವಾಗುತ್ತಿತ್ತು. ಎಷ್ಟೋ ಮಕ್ಕಳಿಗೆ ಬರೆಯುವುದನ್ನು ಕಲಿಸಿದ ಕೈ ಇದು.

ನೀನು ಬಂದು ನಿಲ್ಲುತ್ತೇನೆ ಎಂದೆ. ಅದು ನಿನ್ನ ದೊಡ್ಡತನ. ಆದರೆ ನಿನ್ನ ಪತ್ರಿಕೆಯ ಸುಳ್ಳನ್ನು ಅಳಿಸಲು ಇನ್ನೊಂದು ಸುಳ್ಳನ್ನು ಕಳಿಸುವುದು ಬೇಡವೆನಿಸಿತು. ಹೋದ ಭಾನುವಾರ ನಾನೇ ಹೊರಟೆ. ಕೊಳ್ಳೇಗಾಲದಲ್ಲಿ ನಿನ್ನ ಆಫೀಸಿನ ಎದುರೇ ನಿಂತು ಹನೂರಿನ ಬಸ್ ಹತ್ತಿದೆ. ಕಿಟಕಿಯಲ್ಲಿ ನೀನು ಕಂಡೆ. ತಲೆಗೂದಲು ಕಮ್ಮಿಯಾಗಿದೆ. ಕರೆಯಲಿಲ್ಲ. ನಿನ್ನ ಜೊತೆ ಮಾತಾಡಿದರೆ ಹೋಗುವ ಧೈರ್ಯ ಉಳಿಯುತ್ತಿರಲಿಲ್ಲ.

ಲಚ್ಚಿ ಅವರೆಕಾಳು ಹಸನು ಮಾಡುತ್ತಿದ್ದಳು. ಪಕ್ಕ ಕೂತು ನಾನೂ ಕೈ ಹಾಕಿದೆ. ಮೊರ ನೋಡುತ್ತಲೇ ಹೇಳಿದೆ. ಮಾದು ಮೊಬೈಲ್ ಕೇಳಿದ್ದು ಒಂದೇ ಸಲ, ಸಂಕ್ರಾಂತಿಯ ದಿನ, ನಮ್ಮ ಮನೆಯಲ್ಲಿ, ನಿನ್ನ ಎದುರಿಗೇ. ಉಳಿದದ್ದೆಲ್ಲ ನಾನು ಸೇರಿಸಿದ್ದು. ಧರಣಿ ನಾನು ಕೂರಿಸಿದ್ದು. ಉಪವಾಸ ನಾನು ಮಾಡಿಸಿದ್ದು. ಪೇಪರಿನವರು ಅದನ್ನು ನೋಡಿ ಬರೆದರು. ಅವರಿಗೆ ಬೇರೆ ಯಾರೂ ಏನೂ ಹೇಳಿಲ್ಲ.

ಅವಳ ಕೈ ನಿಂತಿತು.

‘ನೀನ್ ಬರ್ದಿದ್ದು ಸುಳ್ಳಾ ಅವ್ವ?’

‘ತಮಾಷೆಗೆ ಕಣವ್ವ.’

‘ತಮಾಸೆಗೂ ಸುಳ್ಳಿಗೂ ಏನವ್ವ ಯತ್ಯಾಸ?’

ಅವಳು ನನ್ನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿ ಎಂದೇ ಹೋಗಿದ್ದೆ. ಬೈಯಲಿಲ್ಲ. ಕಾಳನ್ನು ಬೆರಳಲ್ಲಿ ಒಂದೊಂದೇ ಸರಿಸುತ್ತಾ, ‘ಅವನಿಗೆ ಅದು ಬೇಕಾಗಿರ್ಲಿಲ್ಲ ಅಂತೀಯಾ?’ ಎಂದಳು.

‘ಬೇಕಾಗಿತ್ತು ಕಣವ್ವ. ಎಲ್ಲಾ ಐಕ್ಳಿಗೂ ಬೇಕಾಗೋವಷ್ಟು. ಸಾಯೋವಷ್ಟಲ್ಲ.’

‘ಹಂಗಾರೆ ಯಾಕವ್ವ?’

ಶಂಕರ, ಸುಳ್ಳು ಹೋದರೆ ಅವಳ ಎದೆ ಹಗುರವಾಗುತ್ತದೆ ಎಂದುಕೊಂಡಿದ್ದ ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ. ಆ ಸುಳ್ಳನ್ನು ಹಿಡಿದುಕೊಂಡು ಅವಳು ಇಷ್ಟು ದಿನ ನಿಂತಿದ್ದಳು. ನಾನು ಅದನ್ನೂ ಕಿತ್ತುಕೊಂಡೆ. ಫೆಬ್ರವರಿಯಲ್ಲಿ ಗೋಡೆಗೆ ತಲೆ ಕೊಟ್ಟು ಕೇಳಿದ ಅದೇ ಪ್ರಶ್ನೆ ತಿರುಗಿ ಬಂದು ನಮ್ಮಿಬ್ಬರ ನಡುವೆ ಕೂತಿತು. ತರಗತಿಯಲ್ಲಿ ಯಾವ ಮಗು ಏನು ಕೇಳಿದರೂ ಏನಾದರೊಂದು ಹೇಳಿ ಕೂರಿಸಿದವಳು ನಾನು.

‘ಗೊತ್ತಿಲ್ಲ ಕಣವ್ವ’ ಎಂದೆ.

‘ಪೇಪರ್‌ನೋರ್ಗೆ?’

‘ಅವ್ರಿಗೂ ಗೊತ್ತಿಲ್ಲ.’

‘ಗೊತ್ತಿರೋರಂಗೆ ಬರ್ದ್ರಲ್ಲವ್ವ’ ಎಂದಳು. ಎಂದು, ಅಳಲು ಶುರು ಮಾಡಿದಳು. ಇಷ್ಟು ದಿನ ಅವಳು ತನ್ನನ್ನು ಬೈದುಕೊಂಡು ಅಳುತ್ತಿದ್ದಳು. ಅವತ್ತು ಅವನಿಗಾಗಿ ಅತ್ತಳು. ಎರಡೂ ಬೇರೆ ಬೇರೆ ದನಿ, ಕೇಳಿದರೆ ಗೊತ್ತಾಗುತ್ತದೆ. ಮೂರ್ತಿ ಹಿತ್ತಲಿಂದ ಬಂದವನು ಬಾಗಿಲಲ್ಲೇ ಕುಸಿದು ಕೂತ. ಅವನ ಬಾಯಿಂದಲೂ ‘ಮಾದು’ ಎಂಬ ಒಂದು ಮಾತು ಬಂತು. ಮೂವರೂ ಕೂತಿದ್ದೆವು. ಅವರೆಕಾಳು ಹಾಗೇ ಇತ್ತು.

ಸಂಜೆ ದೀಪ ಹಚ್ಚಿ ಲಚ್ಚಿ ಚಾರ್ಜರಿನ ವಯರು ಕೈಗೆತ್ತಿಕೊಂಡಳು. ಆಮೇಲೆ ಅದನ್ನು ಸುತ್ತಿ ಕಿಟಕಿಯಲ್ಲಿಟ್ಟಳು. ‘ಅವ್ನ್ ಇಸ್ಯ ಇನ್ನೇನಾರ ಬರ್ದಿದ್ಯಲ್ಲ, ಕೊಬ್ಬರಿ ಮಿಠಾಯಿದು, ಅದು ಓದು’ ಎಂದಳು. ‘ಅದ್ರಲ್ಲಿ ಎಷ್ಟು ಸುಳ್ಳಿದ್ದದು?’ ಎಂದೂ ಕೇಳಿದಳು. ಅದು ಪೂರ್ತಿ ನಿಜ ಎಂದೆ. ಕದ್ದದ್ದು ನಿಜ, ಸಿಕ್ಕಿಬಿದ್ದದ್ದು ನಿಜ, ಜೇಬಿನಿಂದ ತೆಗೆದು ‘ನಿಂಗೇ ಅಂತ ಇಟ್ಟಿದ್ದೆ ಕಣಜ್ಜಿ’ ಎಂದು ಅರ್ಧ ಕಚ್ಚಿದ ಚೂರನ್ನು ನನ್ನ ಕೈಗಿಟ್ಟದ್ದೂ ನಿಜ. ಓದಿದೆ. ಅವಳು ಒಂದು ಕಡೆ ನಕ್ಕಳು. ಎಲ್ಲಿ ಎಂದು ನಿನಗೆ ಹೇಳುವುದಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ. ನಾಲ್ಕು ಸಾಲು ಸರಿ. ಆ ಅಪ್ಪ ಲೋಟ ತೊಳೆದಿಟ್ಟನಲ್ಲ, ನನ್ನ ಕೆಂಪು ಶಾಯಿಗಿಂತ ಅದು ದೊಡ್ಡ ಮಾರ್ಕು. ಇಳಿ. ಗುರುಮಲ್ಲಪ್ಪನನ್ನು ಕೆಲಸದಿಂದ ತೆಗೆಯಬೇಡ. ‘ಕಾರಣ ಗೊತ್ತಿಲ್ಲ’ ಎಂದು ಬರೆದು ಕಳಿಸಿದರೆ ಬೈಯುವುದಿಲ್ಲ ಎಂದು ಅವನಿಗೆ ಹೇಳು. ನಿನ್ನ ಆ ಒಂದು ಬೈಗುಳಕ್ಕೆ ಹೆದರಿಯೇ ಅವನು ಇಷ್ಟು ಮಾಡಿದ್ದು.

ಮಾದು ಇನ್ನು ಯಾವ ಪುಟದಲ್ಲೂ ಬರುವುದು ಬೇಡ. ಮಹಾಶಯರೂ ಅಷ್ಟೇ. ‘ಊರುಗೋಲು’ ಯಾಕೆ ನಿಂತಿತೆಂದು ಕೇಳುವವರಿಗೆ ಮುದುಕಿಗೆ ಕಣ್ಣು ಮಂಜಾಗಿದೆ ಎನ್ನು. ಅದೇನೂ ಸುಳ್ಳಲ್ಲ.

ಕಾಮಗೆರೆಯ ಪುಟ್ಟಮಾದಯ್ಯನವರಿಗೆ ಮಾತ್ರ ನೀನು ಏನೂ ಹೇಳಬೇಡ. ಪಾಪ, ವಯಸ್ಸಾದವರು, ಕೊಟ್ಟ ಮಾತಿಗೆ ಕಟ್ಟುಬಿದ್ದು ಕೂತಿದ್ದಾರೆ. ಹನೂರಿನಿಂದ ಬಂದ ದಿನವೇ ಅವರಿಗೆ ಒಂದು ಕಾರ್ಡು ಬರೆದು ಡಬ್ಬಿಗೆ ಹಾಕಿದೆ.

‘ಮೊಬೈಲ್ ಬಂತು. ಕಾಫಿ ಕುಡಿಯಿರಿ.’

ಆಶೀರ್ವಾದಗಳೊಂದಿಗೆ,
ನಿನ್ನ ಯಶೋದ ಮೇಡಂ